ಅಪ್‌ಲೋಡ್ ಎಷ್ಟು ಸ್ವಾಮಿ?

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬ ಹೇಳಿದ: "ಸಣ್ಣ ಊರಿಗೆಲ್ಲ ಫೈಬರ್ ಯಾಕೋ? ಅಲ್ಲಿಯವರು ಸಿನಿಮಾ ನೋಡೋದು ಬಿಟ್ರೆ ಇನ್ನೇನು ಮಾಡ್ತಾರೆ? ಅದಕ್ಕೆ ಮೊಬೈಲ್ ಸಾಕು." ನನ್ನ ಬಾಯಲ್ಲಿ ಚಪಾತಿ ಇತ್ತು, ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡ್ತಿದೀನಿ.

ಸಾಗರದಲ್ಲಿ ನನ್ನ ಮಾವನದ್ದೊಂದು ಫೋಟೋ ಸ್ಟುಡಿಯೋ ಇದೆ. ಒಂದು ಮದುವೆ ಅಂದ್ರೆ ಏನಿಲ್ಲ ಅಂದ್ರೂ 40 ಜಿಬಿ ಫೋಟೋ. ಆಗ ಆಲ್ಬಂ ಡಿಸೈನು, ಪ್ರಿಂಟು ಎರಡೂ ಆಗ್ತಿದ್ದದ್ದು ಬೆಂಗಳೂರಿನ ಲ್ಯಾಬಿನಲ್ಲಿ, ಹಾಗಾಗಿ ಅಷ್ಟೂ ಫೈಲು ಅಲ್ಲಿಗೆ ಹೋಗಬೇಕು. ತಾಮ್ರದ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಮಾವನಿಗೆ ಸಿಗ್ತಿದ್ದ ಅಪ್‌ಲೋಡ್ ಹೆಚ್ಚೆಂದರೆ 1 ಎಂಬಿಪಿಎಸ್. ಲೆಕ್ಕ ಹಾಕಿ ನೋಡಿ. 40 ಜಿಬಿ ಅಂದ್ರೆ 3,20,000 ಮೆಗಾಬಿಟ್. ಸೆಕೆಂಡಿಗೆ ಒಂದರಂತೆ ಹೋದರೆ ಸುಮಾರು 89 ಗಂಟೆ! ಅದಕ್ಕೇ ಮಾವ ಹಾರ್ಡ್‌ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಡ್ತಿದ್ರು. ಬೆಳಗ್ಗೆ ಲ್ಯಾಬಿನ ಹುಡುಗ ಮೆಜೆಸ್ಟಿಕ್ಕಿನಲ್ಲಿ ಕಾದು ಇಸ್ಕೊಳ್ತಿದ್ದ. (ಲೆಕ್ಕದ ಪ್ರಕಾರ ಆ ಬಸ್ಸೇ ಬ್ರಾಡ್‌ಬ್ಯಾಂಡಿಗಿಂತ ಎಷ್ಟೋ ಪಾಲು ವೇಗ. ನಗಬೇಡಿ, ನಿಜ :-) )

ಮೂರು ವರ್ಷದ ಹಿಂದೆ ಫೈಬರ್ ಬಂತು. 50 ಎಂಬಿಪಿಎಸ್ ಅಪ್‌ಲೋಡ್. ಅದೇ 40 ಜಿಬಿಗೆ ಎರಡು ಗಂಟೆಯೂ ಬೇಡ. ಬಸ್ಸಿನ ಕೆಲಸ ತಪ್ಪಿತು ಅನ್ನೋದು ಸಣ್ಣ ವಿಷಯ. ದೊಡ್ಡದು ಏನಪ್ಪಾ ಅಂದ್ರೆ, ಮಾವ ಊರಿನವರೇ ಇಬ್ಬರು ಹುಡುಗಿಯರನ್ನ ಡಿಸೈನ್ ಕೆಲಸಕ್ಕೆ ಇಟ್ಟುಕೊಂಡ್ರು. ಬೆಂಗಳೂರು, ಹುಬ್ಬಳ್ಳಿಯ ಸ್ಟುಡಿಯೋಗಳ ಫೋಟೋಗಳೂ ಸಾಗರಕ್ಕೆ ಬರತೊಡಗಿದವು. ಇಲ್ಲಿ ಪುಟ ಸಿದ್ಧವಾಗಿ ವಾಪಸ್ ಹೋಗ್ತವೆ. ಬೆಂಗಳೂರಿಗೆ ಹೋಗ್ತಿದ್ದ ಕೆಲಸ ಉಲ್ಟಾ ಹೊಡೀತು. ಸಿನಿಮಾ ಅಂತೆ ಸಿನಿಮಾ!

ಇನ್ನು ಮೊಬೈಲ್ ವಿಷಯ. ಟವರಿನ ಸಾಮರ್ಥ್ಯವನ್ನ ಸುತ್ತಲಿನ ಫೋನುಗಳೆಲ್ಲ ಹಂಚಿಕೊಳ್ಳಬೇಕು. ಅದನ್ನ ನಂಬಿ ಗಿರಾಕಿಗೆ "ಸಂಜೆ ಐದಕ್ಕೆ ಕಳಿಸ್ತೀನಿ" ಅಂತ ಮಾತು ಕೊಡೋಕಾಗಲ್ಲ. ಮೇಲಾಗಿ ಒಳ್ಳೆಯ 5ಜಿ ಬೇಕಾದರೂ ಟವರಿನ ಬುಡಕ್ಕೆ ಫೈಬರ್ ಬಂದಿದ್ದರೇ ಚೆನ್ನ. ಮತ್ತೆ ಮಲೆನಾಡಿನವರಿಗೆ ಗುಡುಗು-ಸಿಡಿಲಿನ ಬಗ್ಗೆ ಹೇಳಬೇಕಾಗಿಲ್ಲ. ತಾಮ್ರದ ತಂತಿ ಹಿಡಿದು ಬಂದ ಸಿಡಿಲಿಗೆ ಮಾವನ ಎರಡು ಮೋಡೆಮ್ ಸುಟ್ಟಿವೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯೋದಿಲ್ಲ ನೋಡಿ.

ಆದರೆ ನನ್ನ ಸಿಟ್ಟು ಆ ಸಹೋದ್ಯೋಗಿಯ ಮೇಲಷ್ಟೇ ಅಲ್ಲ. ಫೈಬರ್ ಮಾರುವವರೂ ಅವನ ಹಾಗೇ ಯೋಚಿಸ್ತಾರೆ. ಕಳೆದ ವರ್ಷ ಮಾವನ ಪ್ಲಾನ್ ಬದಲಾಯ್ತು. ಡೌನ್‌ಲೋಡ್ 100 ಅಂತ ದಪ್ಪಕ್ಷರದಲ್ಲಿ ಬರೆದಿದ್ರು, ಅಪ್‌ಲೋಡ್ ಸದ್ದಿಲ್ಲದೆ 10ಕ್ಕೆ ಇಳಿದಿತ್ತು. ಇದು ಗಾಜಿನ ತಪ್ಪಲ್ಲ ಮಾರಾಯ್ರೆ. ಮನೆಮನೆಗೆ ಫೈಬರ್ ಕೊಡಲು ಹೆಚ್ಚಾಗಿ ಬಳಸೋ ಜಿಪಾನ್ ತಂತ್ರಜ್ಞಾನದಲ್ಲಿ ಕೆಳಕ್ಕೆ ಸುಮಾರು 2.5 ಜಿಬಿಪಿಎಸ್, ಮೇಲಕ್ಕೆ 1.25. ಹಂಚಿಕೊಂಡರೂ ಅರ್ಧದಷ್ಟಾದ್ರೂ ಸಿಗಬೇಕು. ಹತ್ತರಲ್ಲೊಂದು ಪಾಲು ಅನ್ನೋದು ಯಾರೋ ಕೂತು ಮಾಡಿದ ತೀರ್ಮಾನ. ಆಮೇಲೆ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಯ್ತು. ರಿಪೇರಿಗೆ ಹನ್ನೊಂದು ದಿನ! "ನಿಮ್ಮದು ಮನೆ ಕನೆಕ್ಷನ್ ಅಲ್ವಾ ಸಾರ್" ಅಂದರಂತೆ. ಹಾರ್ಡ್‌ಡಿಸ್ಕು ಮತ್ತೆ ಬಸ್ಸು ಹತ್ತಿತು. ಒಬ್ಬ ಸ್ಟುಡಿಯೋದವ ಕೆಲಸ ವಾಪಸ್ ತಗೊಂಡ. ಇಬ್ಬರಲ್ಲಿ ಒಬ್ಬಳಿಗೆ ಆ ತಿಂಗಳು ಅರ್ಧ ಸಂಬಳ.

ಸರ್ಕಾರದ ವ್ಯಾಖ್ಯೆಯೂ ಇದಕ್ಕಿಂತ ಬೇರೆಯಲ್ಲ. 2004ರಲ್ಲಿ ಬ್ರಾಡ್‌ಬ್ಯಾಂಡ್ ಅಂದ್ರೆ 256 ಕೆಬಿಪಿಎಸ್, 2013ರಲ್ಲಿ 512, 2023ರ ಜನವರಿಯಲ್ಲಿ 2 ಎಂಬಿಪಿಎಸ್. ಮೂರೂ ಡೌನ್‌ಲೋಡಿನ ಅಂಕಿಗಳೇ. ಅಪ್‌ಲೋಡ್ ಇಷ್ಟಿರಬೇಕು ಅಂತ ಒಂದಕ್ಷರ ಇಲ್ಲ. ಪಂಚಾಯ್ತಿಗಳಿಗೆ ಫೈಬರ್ ಎಳೆಯೋ ಯೋಜನೆ (2011ರಲ್ಲಿ ಒಪ್ಪಿಗೆ ಸಿಕ್ಕಿ, 2015ರಲ್ಲಿ ಭಾರತ್‌ನೆಟ್ ಅಂತ ಹೆಸರು ಬದಲಾಯಿಸಿಕೊಂಡದ್ದು) ಬಂದಾಗಲೂ ಮಾತೆಲ್ಲ ಎಷ್ಟು ಪಂಚಾಯ್ತಿಗೆ ಮುಟ್ಟಿತು ಅನ್ನೋದರದ್ದೇ. ಅಲ್ಲಿಂದ ಹೊರಗೆ ಏನು ಹೋಗತ್ತೆ ಅಂತ ಕೇಳೋರು ಕಡಿಮೆ. ಹಳ್ಳಿ, ಸಣ್ಣ ಪೇಟೆ ಅಂದ್ರೆ ಬರೀ ತಗೊಳ್ಳೋರು, ಕೊಡೋರಲ್ಲ ಅನ್ನೋ ಭಾವನೆ.

ಮನೆ ಪ್ಲಾನಿಗಿಂತ ಸ್ವಲ್ಪ ಜಾಸ್ತಿ ದುಡ್ಡು ಕೊಡ್ತೀನಿ, ಅಪ್‌ಲೋಡ್ ಸರಿ ಕೊಡಿ, ತುಂಡಾದರೆ ಎರಡು ದಿನದಲ್ಲಿ ಜೋಡಿಸಿ ಅಂತ ಮಾವ ಕೇಳಿದ್ರು. ಅಂಥ ಪ್ಲಾನ್ ದೊಡ್ಡ ಕಂಪನಿಗಳಿಗೆ ಮಾತ್ರ ಅಂತ ಉತ್ತರ ಬಂತು. "ದೊಡ್ಡವರಾಗೋಕೇ ಅಲ್ವೇನೋ ಕೇಳ್ತಿರೋದು" ಅಂತ ಮಾವ ಫೋನಿಟ್ಟ ಮೇಲೆ ನನ್ನ ಹತ್ರ ಗೊಣಗಿದ್ರು.

ನಿಮ್ಮೂರಲ್ಲಿ ಹೇಗಿದೆ? ಇವತ್ತೇ ಒಂದ್ಸಲ ಅಪ್‌ಲೋಡ್ ಅಳೆದು, ಊರಿನ ಹೆಸರಿನ ಜೊತೆ ಕೆಳಗೆ ಬರೀರಿ. ಡೌನ್‌ಲೋಡ್ ಬೇಡ.