ಈಡು ಗುರಿಗೆ ತಗಲಬೇಕಾದರೆ

ನಮ್ಮ ಸೇಡಂ, ಚಿತ್ತಾಪುರ, ಶಹಾಬಾದುಗಳ ವಿದ್ಯಾರ್ಥಿಗಳು ಕಲಬುರಗಿಯ ಕೋಟೆಗೆ ಹೋದರೆ ಅಲ್ಲಿಯ ನೀಳವಾದ ತೋಪನ್ನು ನೋಡದೆ ಮರಳುವುದಿಲ್ಲ. ಅದರ ಉದ್ದವೆಷ್ಟು, ಗುಂಡು ಎಷ್ಟು ದೂರ ಹಾರುತ್ತಿದ್ದಿತು ಎಂದು ಕೇಳುವವರು ಬಹು ಮಂದಿ. ಎರಡು ಸಲ ಹಾರಿಸಿದರೆ ಎರಡು ಗುಂಡುಗಳೂ ಒಂದೇ ಎಡೆಯಲ್ಲಿ ಬೀಳುತ್ತಿದ್ದುವೇ ಎಂದು ಕೇಳಿದವರನ್ನು ನಾವು ಕಂಡಿಲ್ಲ. ಭೌತಶಾಸ್ತ್ರದ ವಿದ್ಯಾರ್ಥಿ ಕೇಳತಕ್ಕ ಪ್ರಶ್ನೆ ಅದೇ.

ಬಾಯಿಯಿಂದ ಮದ್ದುಗುಂಡು ತುಂಬುವ ಆಯುಧಗಳಲ್ಲಿ ತೋಪು ಹಿರಿಯದು. ಮಲೆನಾಡು, ಕೊಡಗುಗಳ ಕೇಪಿನ ಕೋವಿ ಕಿರಿಯದು. ಇವುಗಳಲ್ಲಿ ಮದ್ದನ್ನು ಹೆಚ್ಚು ತುಂಬಿದಷ್ಟೂ ಈಡು ನೇರವಾಗಿ ಹೋಗುವುದೆಂಬ ನಂಬಿಕೆಯುಂಟು. ಇದು ತಪ್ಪು ಮಾತ್ರವಲ್ಲ, ಹಳೆಯ ನಳಿಗೆ ಸಿಡಿದರೆ ಹೊಡೆದವನಿಗೇ ಕುತ್ತು. ಗುರಿಗೆ ಬೇಕಾದುದು ಪ್ರತಿಯೊಂದು ಈಡೂ ಹಿಂದಿನದರಂತೆಯೇ ಇರುವುದು.

ಲೆಕ್ಕ ಮಾಡಿ ನೋಡೋಣ. ಸೆಕೆಂಡಿಗೆ 400 ಮೀಟರ್ ವೇಗದಿಂದ ಸಮತಲವಾಗಿ ಹೊರಟ ಗುಂಡು, ಗಾಳಿಯ ತಡೆಯನ್ನು ಎಣಿಸದಿದ್ದರೆ, 100 ಮೀಟರ್ ಸಾಗುವಷ್ಟರಲ್ಲಿ ಸುಮಾರು 31 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಮದ್ದಿನ ಅಳತೆ ತುಸು ಕಡಿಮೆಯಾಗಿ ವೇಗ 380ಕ್ಕೆ ಇಳಿದರೆ 34 ಸೆಂಟಿಮೀಟರ್. ವ್ಯತ್ಯಾಸ ಮೂರೇ ಸೆಂಟಿಮೀಟರ್. ಆದರೆ ನಳಿಗೆಯಲ್ಲಿ ಸಡಿಲವಾಗಿ ಕುಳಿತ ಗುಂಡು ಒಳಗೋಡೆಗೆ ಬಡಿಯುತ್ತ ಬಂದು ಅರ್ಧ ಡಿಗ್ರಿ ಓರೆಯಾಗಿ ಹೊರಟಿತೆನ್ನಿ. ಅಷ್ಟೇ ದೂರದಲ್ಲಿ ಅದು 87 ಸೆಂಟಿಮೀಟರ್ ತಪ್ಪುತ್ತದೆ! ಇದಲ್ಲದೆ, ಹಾಗೆ ಬಡಿದ ಗುಂಡು ಮನಬಂದಂತೆ ತಿರುಗುತ್ತ ಗಾಳಿಯಲ್ಲಿ ಬಾಗುತ್ತದೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಇದನ್ನು 1740ರ ದಶಕದಲ್ಲಿಯೇ ಕಂಡುಕೊಂಡಿದ್ದನು. ಗುಂಡಿಗೆ ಜಿಡ್ಡು ಸವರಿದ ಬಟ್ಟೆಯ ತುಣುಕನ್ನು ಸುತ್ತಿ ಬಿಗಿಯಾಗಿ ಕೂಡಿಸುವುದು, ನಳಿಗೆಯೊಳಗೆ ಸುರುಳಿಗೆರೆ ಕೊರೆದು ಗುಂಡನ್ನು ಅದರ ಪಥದ ಅಕ್ಷದ ಸುತ್ತಲೇ ತಿರುಗಿಸುವುದು ಇದಕ್ಕೆ ಪರಿಹಾರ. (1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ತೋಟೆಯ ಜಿಡ್ಡೂ ಇಂತಹ ಸುರುಳಿಗೆರೆಯ ನಳಿಗೆಗಾಗಿಯೇ ಬಂದುದು.)

ಮಸಿಯ ಮಾತನ್ನು ಮರೆಯುವಂತಿಲ್ಲ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನಶೇಷವಾಗಿ ಉಳಿಯುತ್ತದೆ, ತೇವವನ್ನು ಹೀರುತ್ತದೆ. ಒರಸದೆ ಹೊಡೆದ ಐದನೆಯ ಈಡಿಗೆ ಮೊದಲನೆಯ ಈಡಿನ ನಳಿಗೆ ಇರುವುದೇ ಇಲ್ಲ.

ಕೊಡಗಿನ ಕೈಲ್‌ಪೋಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಇಂದು ಅಲ್ಲಿ ಹಿಂದಿನಿಂದ ತೋಟೆ ತುಂಬುವ ಕೋವಿಗಳಿವೆ. ಆಟ ಸೊಗಸಾದುದೇ, ಆದರೂ ಒಂದು ಕಾಯಿ ಉರುಳಿತೆಂದು ಕೋವಿಯ ಗುಣ ತಿಳಿಯದು. ಕಾಗದದ ಗುರಿಯ ಮೇಲೆ ಬಿದ್ದ ಐದಾರು ತೂತುಗಳನ್ನು ನೋಡಬೇಕು. ಅವು ಒತ್ತಾಗಿ ಒಂದು ಮೂಲೆಯಲ್ಲಿದ್ದರೆ ನೋಟದ ಕಡ್ಡಿಯನ್ನು ಸರಿಪಡಿಸಿದರೆ ಸಾಕು. ಚದುರಿದ್ದರೆ ಕಡ್ಡಿಯನ್ನು ಎಷ್ಟು ಸರಿಸಿದರೂ ಫಲವಿಲ್ಲ. ಮದ್ದಿನ ಅಳತೆ, ಗುಂಡಿನ ಬಿಗಿ, ಕುದುರೆಯೆಳೆದ ಬಳಿಕವೂ ಅಲುಗದಿರುವ ಕೈ, ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ನಮ್ಮ ಪ್ರಯೋಗಶಾಲೆಗಳ ದುರವಸ್ಥೆಯೂ ಇದೇ. ಲೋಲಕದ ಪ್ರಯೋಗದಲ್ಲಿ 9.8 ಬರಲೆಂದು ಹೊಂದದ ಅಳತೆಗಳನ್ನು ಅಳಿಸುವ ವಿದ್ಯಾರ್ಥಿ ಒಂದೇ ಕಾಯಿ ಉರುಳಿಸಿ ಬೀಗುವವನಂತೆ. ಅವನನ್ನು ಹಾಗೆ ಮಾಡಿದುದು ಉತ್ತರಕ್ಕಷ್ಟೆ ಅಂಕ ಕೊಡುವ ನಮ್ಮ ಪದ್ಧತಿ. ಕೋವಿ ಬೇಡ, ಇಳಿಜಾರು ಹಲಗೆ, ಉಕ್ಕಿನ ಗೋಲಿ, ಕಾರ್ಬನ್ ಕಾಗದ ಸಾಕು. ಒಂದೇ ಎತ್ತರದಿಂದ ಹತ್ತು ಸಲ ಉರುಳಿಸಲಿ. ಪರೀಕ್ಷಕರು ನಡುಬಿಂದುವನ್ನಷ್ಟೆ ಅಲ್ಲದೆ ಹತ್ತೂ ಚುಕ್ಕೆಗಳ ಹರಹನ್ನು ಅಳೆಸಿ, ಅದರ ಕಾರಣವನ್ನು ಕೇಳಿ, ಅದಕ್ಕೂ ಅಂಕ ಕೊಡಲಿ.