ಹಾಸಿಗೆ ಒದ್ದೆಯಾದರೆ ಹಗಲನ್ನು ನೋಡಿ

ಶಾಲೆಯ ಪ್ರವಾಸಕ್ಕೆ ಎಲ್ಲರೂ ಹೆಸರು ಕೊಟ್ಟರೂ ಒಬ್ಬ ಹುಡುಗ ಮಾತ್ರ ಕೊಡುವುದಿಲ್ಲ. ರಜೆಯಲ್ಲಿ ಅಜ್ಜಿಯ ಮನೆಗೂ ಒಲ್ಲೆ ಎನ್ನುತ್ತಾನೆ. ಕಾರಣ ಅವನಿಗೂ ಅವನ ತಾಯಿಗೂ ಮಾತ್ರ ಗೊತ್ತು. ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ.

ಐದು ವರ್ಷ ತುಂಬುವ ತನಕ ಇದನ್ನು ವೈದ್ಯರು ತೊಂದರೆಯೆಂದು ಎಣಿಸುವುದಿಲ್ಲ. ಹತ್ತರ ವಯಸ್ಸಿನಲ್ಲೂ ನೂರಕ್ಕೆ ಸುಮಾರು 5 ಮಕ್ಕಳಲ್ಲಿ ಇದು ಉಳಿದಿರುತ್ತದೆ. ಅಂದರೆ ಐದನೇ ತರಗತಿಯ 40 ಮಕ್ಕಳಲ್ಲಿ ಇಬ್ಬರಾದರೂ ಇಂಥವರಿರಬಹುದು. ಇಬ್ಬರೂ ತನಗೊಬ್ಬನಿಗೇ ಹೀಗೆ ಎಂದುಕೊಂಡಿರುತ್ತಾರೆ.

ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ರಾತ್ರಿ ಹೊತ್ತು ವಾಸೊಪ್ರೆಸಿನ್ ಎಂಬ ಹಾರ್ಮೋನು ಹೆಚ್ಚಾಗಿ, ಮೂತ್ರ ಉತ್ಪತ್ತಿಯನ್ನು ತಗ್ಗಿಸುತ್ತದೆ. ಕೆಲವು ಮಕ್ಕಳಲ್ಲಿ ಈ ವ್ಯವಸ್ಥೆ ಕೂಡಿಬರುವುದು ತಡ. ಇನ್ನು ಕೆಲವರಲ್ಲಿ ಮೂತ್ರಕೋಶ ತುಂಬಿದ ಸುದ್ದಿ ನಿದ್ದೆಯಲ್ಲಿರುವ ಮೆದುಳನ್ನು ಎಚ್ಚರಿಸುವುದೇ ಇಲ್ಲ. ವಂಶದ ಪಾಲೂ ದೊಡ್ಡದು. ಮಗನಿಗೆ ಬೈಯುವ ಅಪ್ಪ ತನ್ನ ಬಾಲ್ಯದ ಬಗ್ಗೆ ತನ್ನ ತಾಯಿಯನ್ನೊಮ್ಮೆ ಕೇಳಿ ನೋಡಬಹುದು!

ಆದರೆ ಹೆಚ್ಚಿನ ಮನೆಗಳಲ್ಲಿ ಯಾರೂ ಗಮನಿಸದ ಕಾರಣ ಹಗಲಿನಲ್ಲಿದೆ. ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ಮಗು ಶೌಚಕ್ಕೆ ಸರಿಯಾಗಿ ಕೂರುವುದಿಲ್ಲ. ಶಾಲೆಯ ಶೌಚಾಲಯ ನಾರುತ್ತದೆ, ಇಲ್ಲವೇ ಬಾಗಿಲಿಗೆ ಚಿಲಕವಿಲ್ಲ. ಪಾಠದ ನಡುವೆ ಎದ್ದು ಕೇಳಲು ಹೆದರಿಕೆ. ಅದಕ್ಕೆ ಮಗು ಕಂಡುಕೊಂಡ ಉಪಾಯ, ನೀರನ್ನೇ ಕುಡಿಯದಿರುವುದು. ಬಾಟಲಿ ಹೋದ ಹಾಗೆಯೇ ವಾಪಸು ಬರುತ್ತದೆ. ಇಡೀ ದಿನದ ಬಾಯಾರಿಕೆ ಸಂಜೆ ತೀರುತ್ತದೆ, ಅದರ ಫಲ ರಾತ್ರಿ ಕಾಣುತ್ತದೆ. ಇದರ ಜತೆಗೆ ಮಲಬದ್ಧತೆ. ಗಟ್ಟಿ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಕೆಲವು ಮಕ್ಕಳಿಗೆ ಮಲಬದ್ಧತೆ ನೀಗಿದರೆ ಸಾಕು, ಹಾಸಿಗೆಯೂ ಒಣಗಿರುತ್ತದೆ. ಶೌಚಾಲಯದ ಚಿಲಕದ ಮಾತನ್ನು ಪೋಷಕರ ಸಭೆಯಲ್ಲಿ ಎತ್ತಲು ನಾಚಬೇಕಿಲ್ಲ. ಅಂಕಪಟ್ಟಿಯ ಚರ್ಚೆಗಿಂತ ಅದೇನೂ ಕಡಿಮೆಯದಲ್ಲ.

ಆರು ತಿಂಗಳಾದರೂ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ ವಿಷಯ ಬೇರೆ. ಮೂತ್ರದ ಸೋಂಕು ಇರಬಹುದು, ಮನೆಗೆ ಹೊಸ ಕೂಸು ಬಂದಿರಬಹುದು, ಮಗು ಹಾಸ್ಟೆಲಿಗೆ ಹೋಗಿರಬಹುದು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಎಂಟನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ವಸತಿಶಾಲೆ ಸೇರಿದಾಗ ಹೀಗೇ ಆಯಿತು. ಅದಕ್ಕಾಗಿ ಏಟು ತಿಂದದ್ದನ್ನು ಅವರು ಬರೆದಿದ್ದಾರೆ. ಆ ಪ್ರಬಂಧ 1952ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು. ನಡುವಯಸ್ಸಿನವರೆಗೂ ಅದು ಮನಸ್ಸಿನಿಂದ ಹೋಗಿರಲಿಲ್ಲ. ನಮ್ಮಲ್ಲಿ ಇಂದಿಗೂ ಬರೆ ಹಾಕುವ ಬೆದರಿಕೆ ಕೇಳಿಬರುವುದುಂಟು. ಹಾಗೆ ಹೆದರಿದ ಮಗು ಮಾಡುವ ಮೊದಲ ಕೆಲಸ ಒದ್ದೆ ಚಡ್ಡಿಯನ್ನು ಬಚ್ಚಿಡುವುದು.

ವಿಪರೀತ ಬಾಯಾರಿಕೆ, ತೂಕ ಇಳಿಯುವುದು ಕಂಡರೆ ಮಧುಮೇಹವಿದೆಯೇ ಎಂದು ಅಂದೇ ಪರೀಕ್ಷಿಸಬೇಕು. ಉರಿಮೂತ್ರವಿದ್ದರೆ, ಹಗಲಿನಲ್ಲೂ ಬಟ್ಟೆ ಒದ್ದೆಯಾಗುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಉಳಿದವರು ಹಗಲಿನಲ್ಲಿ ಧಾರಾಳವಾಗಿ ನೀರು, ಎರಡು ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಹೋಗುವುದು, ರಾತ್ರಿ ಕಾಫಿ-ಟೀ ಬಿಡುವುದು, ಇಷ್ಟರಿಂದ ಆರಂಭಿಸಬಹುದು. ಸಾಲದಿದ್ದರೆ ಒದ್ದೆ ತಾಗಿದೊಡನೆ ಗಂಟೆ ಬಾರಿಸುವ ಅಲಾರಂ ಇದೆ. 1938ರಲ್ಲೇ ಅಮೆರಿಕದ ಮೌರರ್ ದಂಪತಿ ಇದರ ಬಗ್ಗೆ ವರದಿ ಮಾಡಿದ್ದರು. ಎರಡು ಮೂರು ತಿಂಗಳ ತಾಳ್ಮೆ ಬೇಕು. ಮಾತ್ರೆಯೂ ಉಂಟು, ವೈದ್ಯರ ಸಲಹೆಯಿಲ್ಲದೆ ಬೇಡ. ಅವರ ಬಳಿ ಹೋಗುವಾಗ ಒಂದು ವಾರದ ಲೆಕ್ಕ ಬರೆದು ಒಯ್ಯಿರಿ: ಮಗು ಯಾವಾಗ, ಎಷ್ಟು ನೀರು ಕುಡಿಯಿತು, ಎಷ್ಟು ಸಲ ಮೂತ್ರಕ್ಕೆ ಹೋಯಿತು, ಹೊಟ್ಟೆ ಸರಿಯಾಗಿತ್ತೇ, ಯಾವ ರಾತ್ರಿ ಹಾಸಿಗೆ ಒಣಗಿತ್ತು.