‘ಹಾಕಿ ನೋಡೋಣ’ ಎಂಬ ರೋಗಕ್ಕೆ ಮದ್ದು ಯಾವಾಗ?

ಟಿಪ್ಪರ್ ಲಾರಿಯ ಬಾಡಿ ಮೇಲೇಳುತ್ತಿಲ್ಲ. ‘ಏನಾಗಿದೆ ಮೇಸ್ತ್ರಿ?’ ಎಂದು ಡ್ರೈವರ್ ಕೇಳುತ್ತಾನೆ. ಉತ್ತರ ನಾಲಿಗೆ ತುದಿಯಲ್ಲೇ ಇದೆ: ‘ರಿಲೇ ಹೋಗಿರ್ಬೇಕು ಕಣಣ್ಣ, ಬೇರೆ ಹಾಕಿ ನೋಡೋಣ.’ ಹೊಸ ರಿಲೇ ಬಂತು, ಬಾಡಿ ಏಳಲಿಲ್ಲ. ಹೊಸ ಸ್ವಿಚ್ ಬಂತು, ಏಳಲಿಲ್ಲ. ಹೊಸ ಸೊಲೆನಾಯ್ಡ್ ಕೂರಿಸುವಾಗ ಸಡಿಲವಾಗಿದ್ದ ಕನೆಕ್ಟರ್ ಅಲುಗಾಡಿ ಕಚ್ಚಿಕೊಂಡಿತು, ಬಾಡಿ ಎದ್ದಿತು. ಬಿಲ್ಲು ಸಾವಿರಗಟ್ಟಲೆ. ಮೂರು ದಿನ ಕಳೆದ ಮೇಲೆ ಲಾರಿ ಮತ್ತೆ ಅದೇ ಶೆಡ್ಡಿನ ಮುಂದೆ!

ಇದಕ್ಕೆ ರಿಪೇರಿ ಅನ್ನುತ್ತಾರಾ ಸ್ವಾಮಿ? ಇದು ಲಾಟರಿ. ಬೇರೆ ಊರಿನವರು ಹೀಗೆ ಮಾಡಿದರೆ ಮಾಡಿಕೊಳ್ಳಲಿ. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತರಿಸಿಕೊಂಡ ನೆಲ ನಮ್ಮದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ, ನಮಗಿಂತ ಮೂರು ವರ್ಷ ತಡವಾಗಿ. ಚಾಂಪಿಯನ್ ರೀಫ್ಸ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳ ಇಳಿದದ್ದು ‘ಹಾಕಿ ನೋಡೋಣ’ ಎಂದು ಅಂದಾಜು ಹೊಡೆದಲ್ಲ. 2001ರಲ್ಲಿ ಗಣಿ ಮುಚ್ಚಿತು, ಸರಿ. ತಿಳಿವಳಿಕೆಗೂ ಬೀಗ ಹಾಕಬೇಕಿತ್ತೇ?

ವಿಷಯಕ್ಕೆ ಬರೋಣ. ಬಾಡಿ ಎತ್ತುವ ಹೈಡ್ರಾಲಿಕ್ ಪಂಪಿಗೆ ಪ್ರತ್ಯೇಕ ಇಂಜಿನ್ ಇಲ್ಲ. ಲಾರಿಯ ಇಂಜಿನ್ ಶಕ್ತಿಯನ್ನೇ ಗೇರ್ ಬಾಕ್ಸಿನಿಂದ ಕಡ ಪಡೆಯುವ ಸಾಧನಕ್ಕೆ ಪವರ್ ಟೇಕ್ ಆಫ್, ಗ್ಯಾರೇಜಿನ ಮಾತಿನಲ್ಲಿ ಪಿಟಿಒ, ಎನ್ನುತ್ತಾರೆ. ಹಳೆಯ ಗಾಡಿಗಳಲ್ಲಿ ಇದಕ್ಕೆ ಲಿವರ್ ಇರುತ್ತಿತ್ತು. ಈಗ ಎಷ್ಟೋ ಲಾರಿಗಳಲ್ಲಿ ಕ್ಯಾಬಿನ್ನಿನ ಸ್ವಿಚ್ ಒತ್ತಿದರೆ ರಿಲೇ ‘ಟಿಕ್’ ಅನ್ನುತ್ತದೆ, ರಿಲೇ ಸೊಲೆನಾಯ್ಡಿಗೆ ಕರೆಂಟು ಕೊಡುತ್ತದೆ, ಸೊಲೆನಾಯ್ಡ್ ಗಾಳಿ ಬಿಡುತ್ತದೆ, ಗಾಳಿ ಪಿಟಿಒ ಗೇರನ್ನು ಕೂಡಿಸುತ್ತದೆ. ಇಡೀ ರಹಸ್ಯ ಇಷ್ಟೇ.

ರಿಲೇ ಅಂದರೆ ಎರಡು ದಾರಿಗಳು ಒಂದೇ ಡಬ್ಬಿಯಲ್ಲಿ. 85, 86 ಎಂದು ಬರೆದಿರುವ ಕಾಲುಗಳು ಒಳಗಿನ ಕಾಯಿಲ್‌ನವು. 30, 87 ಎಂಬ ಕಾಲುಗಳು ಪಾಯಿಂಟುಗಳವು. ಮೊದಲು ಸ್ಪ್ಯಾನರ್ ಕೆಳಗಿಡಿ, ಕಿವಿ ಕೊಡಿ. ಸ್ವಿಚ್ ಒತ್ತಿದಾಗ ‘ಟಿಕ್’ ಬಂದರೆ ಕಾಯಿಲ್ ದಾರಿ ಸರಿಯಿದೆ, ತೊಂದರೆ ಅದರಿಂದ ಮುಂದೆ ಇದೆ. ಬರದಿದ್ದರೆ ತೊಂದರೆ ಕಾಯಿಲ್ ಕಡೆ. ಒಂದೇ ಸದ್ದಿಗೆ ಅರ್ಧ ಲಾರಿ ಹುಡುಕಾಟದಿಂದ ಹೊರಬಿತ್ತು!

ಟಿಕ್ ಇಲ್ಲ ಅನ್ನಿ. ರಿಲೇ ಕೂರಿಸಿಯೇ ಇಟ್ಟು, ಸ್ವಿಚ್ ಆನ್ ಮಾಡಿ, ಮೀಟರಿನ ಕಪ್ಪು ತಂತಿ ಬ್ಯಾಟರಿಯ ಮೈನಸ್‌ಗೆ, ಕೆಂಪು ತಂತಿ ಕಾಯಿಲ್‌ನ ಒಂದೊಂದು ಕಾಲಿಗೆ ಹಿಡಿಯಿರಿ. ಒಂದು ಕಾಲಿನಲ್ಲಿ 24 ವೋಲ್ಟ್, ಇನ್ನೊಂದರಲ್ಲಿ ಸೊನ್ನೆ ಇದ್ದೂ ರಿಲೇ ಮಿಸುಕದಿದ್ದರೆ, ಆಗ ಮಾತ್ರ, ರಿಲೇ ಸತ್ತಿದೆ ಎನ್ನಿ. ಎರಡೂ ಕಾಲಿನಲ್ಲಿ 24 ತೋರಿಸಿದರೆ ಅರ್ಥಿಂಗ್ ಕಡಿದಿದೆ. ಎರಡರಲ್ಲೂ ಸೊನ್ನೆಯೇ? ಕರೆಂಟೇ ಬಂದಿಲ್ಲ. ಫ್ಯೂಸ್, ಸ್ವಿಚ್, ಕೆಲವು ಗಾಡಿಗಳಲ್ಲಿ ನಡುವೆ ಕೂತಿರುವ ಕ್ಲಚ್ ಸ್ವಿಚ್, ಹ್ಯಾಂಡ್ ಬ್ರೇಕ್ ಸ್ವಿಚ್, ಹೀಗೆ ಹಿಂದಕ್ಕೆ ನಡೆಯಿರಿ. ಟಿಕ್ ಬರುತ್ತಿದ್ದರೆ 30ರಲ್ಲಿ 24 ಇದೆಯೇ, ಅದು 87ಕ್ಕೆ ದಾಟುತ್ತಿದೆಯೇ ನೋಡಿ. ದಾಟದಿದ್ದರೆ ಪಾಯಿಂಟ್ ಸುಟ್ಟಿದೆ. ದಾಟಿದರೆ ಸೊಲೆನಾಯ್ಡ್ ಬಳಿಗೆ ಹೋಗಿ; ಅದರ ಎರಡು ಪಿನ್ನುಗಳ ಮಧ್ಯೆ 24 ಇದ್ದೂ ಕೆಲಸ ಮಾಡದಿದ್ದರೆ ಸೊಲೆನಾಯ್ಡ್ ಅಥವಾ ಗಾಳಿಯ ದೋಷ. ಇಷ್ಟಕ್ಕೆ ಹತ್ತು ನಿಮಿಷ, ಐನೂರು ರೂಪಾಯಿಯೊಳಗಿನ ಮೀಟರು ಸಾಕು.

ಮೀಟರೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ 24 ತೋರಿಸುತ್ತದೆ, ಯಾಕೆಂದರೆ ಅದು ಕುಡಿಯುವ ಕರೆಂಟು ನೊಣದಷ್ಟು. ಅನುಮಾನವಿದ್ದರೆ ಸೊಲೆನಾಯ್ಡಿನ ಕನೆಕ್ಟರಿಗೆ 24 ವೋಲ್ಟಿನ ಇಂಡಿಕೇಟರ್ ಬಲ್ಬ್ ಹಚ್ಚಿ ನೋಡಿ. ಬಲ್ಬ್ ಮಂಕಾದರೆ ಕಳ್ಳ ದಾರಿಯಲ್ಲೇ ಇದ್ದಾನೆ: ಪಾಚಿಗಟ್ಟಿದ ಪಿನ್ನು, ಚಾಸಿಗೆ ಉಜ್ಜಿ ಸವೆದ ತಂತಿ, ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟು. ಗೇರ್ ಬಾಕ್ಸಿನ ಪಕ್ಕ ಕೆಸರು ಎರಚಿಸಿಕೊಂಡು, ಟೇಕಲ್ ಕಡೆಯ ಕಲ್ಲುಪುಡಿ ನುಂಗಿಕೊಂಡು ಬದುಕುವ ಕನೆಕ್ಟರ್ ಇನ್ನೇನಾದೀತು? ಆದರೆ ಬಿ.ಎಸ್.6 ಕಾಲದ, ಅಂದರೆ 2020ರ ಈಚಿನ ಗಾಡಿಗಳಲ್ಲಿ ಇಸಿಯುಗೆ ಹೋಗುವ ಸಣ್ಣ ತಂತಿಗಳಿಗೆ ಬಲ್ಬ್ ಹಚ್ಚಲೇಬೇಡಿ. ಅಲ್ಲಿ ಮೀಟರೇ ಗತಿ. ಸುಟ್ಟರೆ ಇಸಿಯುವಿನ ಬೆಲೆ ಕೇಳಿಯೇ ಎದೆ ಒಡೆಯುತ್ತದೆ.

ನನ್ನ ಸಿಟ್ಟೆಲ್ಲ ಇರುವುದು ಮುಂದಿನ ಕರಾಮತ್ತಿನ ಮೇಲೆ. ತೊಂದರೆ ಸಿಗದಿದ್ದಾಗ ಬ್ಯಾಟರಿಯಿಂದ ಸೀದಾ ಸೊಲೆನಾಯ್ಡಿಗೆ ಒಂದು ತಂತಿ! ‘ಲೋಡ್ ಖಾಲಿಯಾಗ್ಲಿ, ಆಮೇಲೆ ನೋಡ್ಕೊಳ್ಳೋಣ.’ ಆ ಆಮೇಲೆ ಬರುವುದೇ ಇಲ್ಲ. ಹ್ಯಾಂಡ್ ಬ್ರೇಕ್ ಹಾಕದೆ ಪಿಟಿಒ ಕೂಡದಿರಲಿ ಎಂದು ಇಟ್ಟ ಕಾವಲೆಲ್ಲ ಆ ಒಂದು ತಂತಿಯಿಂದ ಮಾಯ. ಚಲಿಸುತ್ತಿರುವ ಲಾರಿಯ ಬಾಡಿ ಮೇಲೆದ್ದರೆ ಮೇಲಿನ ಹೈಟೆನ್ಷನ್ ತಂತಿ ಕೇಳಿಕೊಂಡು ಪಕ್ಕಕ್ಕೆ ಸರಿಯುತ್ತದೆಯೇ? ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತುವ ಶೂರರೂ ಇದ್ದಾರೆ. ಅವರ ಲಾರಿಯಲ್ಲಿ ಫ್ಯೂಸಿನ ಬದಲು ವೈರಿಂಗೇ ಸುಡುತ್ತದೆ. ಎತ್ತಿದ ಬಾಡಿಗೆ ಗಟ್ಟಿ ಆಸರೆ ಕೊಡದೆ ಅದರಡಿ ತೂರುವವರ ಬಗ್ಗೆ ಹೇಳುವುದೇ ಬೇಡ. ನನ್ನ ಪ್ರೆಸ್ಸಿನ ಕಾಗದ ಕತ್ತರಿಸುವ ಮಷೀನಿನಲ್ಲಿ ಎರಡೂ ಕೈಯಿಂದ ಎರಡು ಬಟನ್ ಒತ್ತಿದರೇ ಬ್ಲೇಡ್ ಇಳಿಯುವುದು. ಒಂದು ಬಟನ್ನಿಗೆ ದಾರ ಕಟ್ಟಿದರೆ ಕೆಲಸ ಬೇಗ ಆಗುತ್ತದೆ, ನಿಜ. ಬೆರಳೂ ಬೇಗ ಹೋಗುತ್ತದೆ.

ತಪ್ಪೆಲ್ಲ ಮೇಸ್ತ್ರಿಯ ತಲೆಗೆ ಕಟ್ಟುವುದೂ ಅನ್ಯಾಯವೇ. ಬಂಗಾರಪೇಟೆಯ ಶೆಡ್ಡಿನ ಹುಡುಗ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಗಿರಾಕಿಯ ಜೊತೆ ಮಾತಾಡಬಲ್ಲ. ಅವನ ಕೈಗೆ ಸಿಗುವ ವೈರಿಂಗ್ ನಕ್ಷೆ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಪ್ರೆಸ್ಸಿಗೆ ಜೆರಾಕ್ಸಿಗೆಂದು ಬಂದ ನಕ್ಷೆಗಳಲ್ಲಿ ಒಂದಾದರೂ ಕನ್ನಡದ್ದಿರಲಿಲ್ಲ. ‘ತಾಂತ್ರಿಕ ವಿಷಯ ಕನ್ನಡದಲ್ಲಿ ಆಗೋದಿಲ್ಲ’ ಎಂದು ಮೂಗು ಮುರಿಯುವ ಮಹಾಶಯರೇ, ಆ 30, 85, 86, 87 ಎಂಬ ಅಂಕಿಗಳು ಇಂಗ್ಲಿಷರದ್ದಲ್ಲ. ಜರ್ಮನರು ತಮ್ಮ ಡಿನ್ ಮಾನಕದಲ್ಲಿ ಗೊತ್ತುಮಾಡಿದವು. ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ರಿಲೇಗೆ ರಿಲೇ ಎಂದೇ ಬರೆಯಿರಿ, ಯಾರು ಬೇಡ ಅಂದರು? ‘ಟಿಕ್ ಬಂದರೆ ಈ ಕಡೆ, ಬರದಿದ್ದರೆ ಆ ಕಡೆ’ ಎಂದು ಕನ್ನಡದಲ್ಲಿ ಬರೆಯಲು ಯಾವ ಪಂಡಿತರ ಸಮಿತಿ ಬೇಕು?

ನಮ್ಮ ಹುಡುಗರಿಗೆ ನನ್ನ ಕೇಳಿಕೆ ಒಂದೇ. ಐಟಿಐ ಓದಿದವರು, ಬೆಮೆಲ್‌ನಲ್ಲಿ ಕೈ ಪಳಗಿದವರು, ದಿನಾ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆಗಳಿಗೆ ಹೋಗುವವರು ನಿಮ್ಮಲ್ಲೇ ಇದ್ದೀರಿ. ಇಬ್ಬರು ಕೂತು, ಒಂದೊಂದು ಮಾದರಿ ಲಾರಿಗೂ ಒಂದೊಂದು ಹಾಳೆಯಂತೆ ಪಿಟಿಒ ವೈರಿಂಗನ್ನು ಕನ್ನಡದಲ್ಲಿ ಬಿಡಿಸಿ ತನ್ನಿ. ಪೆನ್ಸಿಲಿನಲ್ಲಿ ಬರೆದಿದ್ದರೂ ಸರಿ. ಡಿಟಿಪಿ ನನ್ನದು, ಮಸಿ ನನ್ನದು, ಕಾಗದದ ದುಡ್ಡು ಮಾತ್ರ ಲಾರಿ ಮಾಲೀಕರು ಕೊಡಲಿ. ಡ್ಯಾಶ್‌ಬೋರ್ಡಿನ ಬಾಗಿಲ ಒಳಗೆ ಅಂಟಿಸುವಷ್ಟು ಸಣ್ಣದಿರಬೇಕು. ಜಾಗ ಸಾಲದಿದ್ದರೆ ಹಿಂಬದಿಗೂ ಅಚ್ಚು ಹಾಕಿಕೊಡುತ್ತೇನೆ.